ಕೋಳಿ ಕೂತ ಪೆಟ್ಟಿಗೆಯ ಷರತ್ತು

ಊರಿಗೆಲ್ಲ ಬುದ್ಧಿ ಹೇಳುವವರು ಸ್ವಂತ ವಿಷಯ ಬಂದಾಗ ಪೆದ್ದರಾಗುತ್ತಾರೆ. ಇದಕ್ಕೆ ನಾನು ಬೇರೆ ಸಾಕ್ಷಿ ಹುಡುಕಬೇಕಾಗಿಲ್ಲ. ಬಂಟ್ವಾಳದಲ್ಲಿ ದಸ್ತಾವೇಜು ಬರೆಯುವುದು ನನ್ನ ಕಸುಬು. ಓದಿ ಹೇಳದೆ ಯಾರಿಂದಲೂ ರುಜು ಹಾಕಿಸಿದವನಲ್ಲ. "ಓದುವುದು ಬೇಡ ಶೆಟ್ರೇ, ನೀವು ಬರೆದದ್ದಲ್ವಾ" ಎಂದವರಿಗೆ ಕಾಲು ಗಂಟೆ ಉಪದೇಶ ಉಚಿತ. ಇಂಥ ನಾನು ನಮ್ಮೂರು ಸಿದ್ಧಕಟ್ಟೆಯ ಹಮೀದನ ಸೈಬರ್ ಕೆಫೆಯಲ್ಲಿ ಕೂತು ಡೆಲ್ಲಿಯ ಕಂಪೆನಿಯೊಂದರಿಂದ ಮಿಕ್ಸಿ ತರಿಸಿದೆ. ಹೆಂಡತಿ ಸುಮತಿಗೆ ಭುಜನೋವು. ಇನ್ನು ಕಡೆಯುವ ಕಲ್ಲಿನ ಮುಂದೆ ಕೂರಬಾರದೆಂದು ಡಾಕ್ಟರರ ಅಪ್ಪಣೆಯಾಗಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮಾರುದ್ದದ ಷರತ್ತುಗಳು ಬಂದವು.

"ಇದನ್ನೆಲ್ಲ ಓದ್ಲಿಕ್ಕುಂಟಾ?" ಎಂದೆ.

"ಯಾರೂ ಓದುದಿಲ್ಲ ಶೆಟ್ರೇ. ಕೆಳಗೆ ಒಪ್ಪಿಗೆ ಅಂತ ಉಂಟಲ್ಲ, ಅಲ್ಲಿ ಒತ್ತಿ" ಎಂದ ಹಮೀದ್.

ಒತ್ತಿದೆ. ಮಿಕ್ಸಿ ಬಂತು. ಒಂದು ವಾರ ಮೀನು ಸಾರಿನ ಮಸಾಲೆ ಬೆಣ್ಣೆಯಂತೆ ನುಣ್ಣಗಾಯಿತು. ಎಂಟನೆಯ ದಿನ ಸುಟ್ಟ ವಾಸನೆ ಹೊರಡಿಸಿ ನಿಂತೇಬಿಟ್ಟಿತು. ಸುಮತಿ ಮತ್ತೆ ಕಲ್ಲಿನ ಮುಂದೆ ಕೂತಳು. ಬೈದಿದ್ದರೆ ಸಹಿಸಬಹುದಿತ್ತು, ಅವಳು ಭುಜ ಒತ್ತಿಕೊಳ್ಳುವುದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಹಮೀದನಲ್ಲಿಗೆ ಓಡಿ, ಷರತ್ತುಗಳನ್ನು ಪ್ರಿಂಟ್ ತೆಗೆಸಿ, ಕನ್ನಡಕ ಒರೆಸಿ ಓದಿದೆ. ಹತ್ತೊಂಬತ್ತನೆಯದರಲ್ಲಿತ್ತು: ಕೆಟ್ಟ ಸಾಮಾನನ್ನು, ಅದು ಕೈಸೇರಿದ ಹದಿನೈದು ದಿನಗಳೊಳಗೆ, ಅದು ಬಂದ ಪೆಟ್ಟಿಗೆಯಲ್ಲೇ ಹಿಂದಿರುಗಿಸಿದರೆ ಬದಲಿ ಕೊಡುತ್ತಾರೆ. ತಕರಾರಿದ್ದರೆ ಡೆಲ್ಲಿಯ ಕೋರ್ಟಿಗೇ ಹೋಗಬೇಕು.

ಪೆಟ್ಟಿಗೆ ಎಲ್ಲಿ? ನಮ್ಮ ಕಡೆ ಗಟ್ಟಿ ರಟ್ಟಿನ ಪೆಟ್ಟಿಗೆ ಸಂಜೆಯವರೆಗೆ ಮನೆಯಲ್ಲಿ ಉಳಿಯುವುದಿಲ್ಲ. ಬಂದ ದಿನವೇ ನೆರೆಮನೆಯ ಐಸಮ್ಮ ಕೋಳಿಯನ್ನು ಕಾವಿಗೆ ಕೂರಿಸಲು ಕೇಳಿ ಒಯ್ದಿದ್ದರು. ಹೋಗಿ ನೋಡಿದರೆ ಹನ್ನೊಂದು ಮೊಟ್ಟೆಗಳ ಮೇಲೆ ಕೂತ ಕೋಳಿ ನನ್ನನ್ನು ಒತ್ತುವರಿದಾರನನ್ನು ನೋಡುವ ಹಾಗೆ ನೋಡಿತು.

"ಇದನ್ನು ಬುಟ್ಟಿಗೆ ಹಾಕುವ ಐಸಮ್ಮ" ಎಂದೆ.

"ಜಾಗ ಬದಲಾಯಿಸಿದ್ರೆ ಎದ್ದು ಹೋಗ್ತದೆ ಶೆಟ್ರೇ, ಮತ್ತೆ ಕೂರುದಿಲ್ಲ. ಇನ್ನು ಎರಡು ವಾರ ಉಂಟು."

ಸುಮತಿಯೂ ಅವರ ಕಡೆಗೇ ಸೇರಿದಳು. "ನನ್ನ ಭುಜ ಎರಡು ವಾರ ತಡೀತದೆ. ಷರತ್ತಿಗೆ ಒಪ್ಪಿದ್ದು ನೀವು, ಕೋಳಿ ಅಲ್ಲ."

ಉಳಿದದ್ದು ಒಂದೇ ದಾರಿ. "ಸದರಿ ಪೆಟ್ಟಿಗೆಯು ಪ್ರಸ್ತುತ ಕಾವಿಗೆ ಕೂತ ಕೋಳಿಯ ಸ್ವಾಧೀನದಲ್ಲಿರುವುದರಿಂದ ವಾಯಿದೆ ವಿಸ್ತರಿಸಬೇಕಾಗಿ ವಿನಂತಿ" ಎಂದು ಕಂಪೆನಿಗೆ ಬರೆಯಲು ಹಮೀದನಿಗೆ ಹೇಳಿದೆ. ಅವನು ನಗುತ್ತಲೇ ಇಂಗ್ಲಿಷಿಗೆ ತಿರುಗಿಸಿ ಈಮೇಲ್ ಕಳಿಸಿದ. ಮೂರನೆಯ ದಿನ ಉತ್ತರ ಬಂತು. ಕಂಪೆನಿಯ ಪುಣ್ಯಾತ್ಗಿತ್ತಿಯೊಬ್ಬಳು ಒಂದು ತಿಂಗಳ ವಾಯಿದೆ ಕೊಟ್ಟು, ಮರಿಗಳ ಫೋಟೋ ಕಳಿಸಲು ಹೇಳಿದ್ದಳು. ಮೊಟ್ಟೆಯೊಡೆದು ಒಂಬತ್ತು ಮರಿಗಳು ಬಂದವು. ಪೆಟ್ಟಿಗೆಯನ್ನು ಬಿಸಿಲಿಗಿಟ್ಟು, ಒರೆಸಿ ಕಳಿಸಿದೆವು. ಹೊಸ ಮಿಕ್ಸಿ ಬಂತು. ಅದರ ಪೆಟ್ಟಿಗೆ ಈಗ ಅಟ್ಟದ ಮೇಲಿದೆ, ಐಸಮ್ಮ ಅತ್ತ ನೋಡುವುದೂ ಇಲ್ಲ.

ಆದರೆ ಸುದ್ದಿ ನನಗಿಂತ ಮೊದಲು ಬಂಟ್ವಾಳ ತಲುಪಿತ್ತು. ಮೊನ್ನೆ ವಿಟ್ಲದ ಅಜ್ಜರೊಬ್ಬರಿಗೆ ಕ್ರಯಪತ್ರವನ್ನು ಅಕ್ಷರ ಬಿಡದೆ ಓದಿ ಹೇಳಿ, ರುಜು ಹಾಕಲು ಪೆನ್ನು ಕೊಟ್ಟೆ. ಅವರು ಪೆನ್ನು ಹಿಡಿದುಕೊಂಡೇ ತಣ್ಣಗೆ ಕೇಳಿದರು:

"ಎಲ್ಲ ಸರಿ ಶೆಟ್ರೇ. ಇದರಲ್ಲಿ ಪೆಟ್ಟಿಗೆಯ ವಿಷಯ ಏನಾದ್ರೂ ಉಂಟಾ?"