ಶುಭೇಚ್ಛುಕರಿಲ್ಲದ ಫ್ಲೆಕ್ಸ್

ಇವತ್ತು ಭಾನುವಾರ, ಬೆಳಿಗ್ಗೆ ಒಂಬತ್ತರೊಳಗೆ ನಾನು ಮಾಡಿದ ಕೆಲಸಗಳು: ನಳ ಬಂದಾಗ ಎರಡು ಹಂಡೆ, ನಾಲ್ಕು ಕೊಡ ನೀರು ತುಂಬಿದ್ದು. ಹಾಲು ಕಾಸಿ ಕೆನೆ ತೆಗೆದಿಟ್ಟದ್ದು. ಯಜಮಾನರಿಗೆ ಎರಡು ಸಲ ಚಹಾ ಕೊಟ್ಟದ್ದು. ಹೆಸರುಕಾಳು ನೆನೆಹಾಕಿದ್ದು. ಮಳೆಹನಿ ಬಿತ್ತೆಂದು ಬಟ್ಟೆ ಒಳಗೆ ತಂದದ್ದು, ನಿಂತಿತೆಂದು ಹೊರಗೆ ಹಾಕಿದ್ದು, ಮತ್ತೆ ಒಳಗೆ ತಂದದ್ದು. ಮೆಟ್ಟಿಲ ಮೇಲಿನ ಹದಿನಾಲ್ಕು ಒಣ ಸೋರೆಬುರುಡೆಗಳ ಧೂಳು ಒರೆಸಿದ್ದು.

ಕೊನೆಯ ಕೆಲಸ ಮಿರಜಿನ ಇನ್ನಾವ ಹೆಂಗಸಿಗೂ ಇರಲಿಕ್ಕಿಲ್ಲ. ಅದು ನಮ್ಮ ಮೈದುನನ ಕೃಪೆ. ಅವನಷ್ಟು ವಿಚಿತ್ರ ಮನುಷ್ಯ ಸಾಂಗಲಿ, ಮಿರಜ ಎರಡೂ ಊರು ಜರಡಿ ಹಿಡಿದರೂ ಸಿಗುವುದಿಲ್ಲ. ಸಿಕ್ಕರೆ, ಇವನು ಆಗಲೇ ಅವನನ್ನು ನಮ್ಮ ಮನೆಗೆ ಊಟಕ್ಕೆ ಕರೆತಂದಿರುತ್ತಾನೆ!

ತಂಬೂರಿಗಳ ಮೇಲೆ ಬಳ್ಳಿ, ಎಲೆ, ಹೂವಿನ ನಕ್ಷಿ ಬರೆಯುವುದು ಅವನ ಕಸುಬು. ತಂಬೂರಿ ಮಾಡುವವರ ಓಣಿಯಲ್ಲಿ ಸೀಳುಬಿಟ್ಟ ಬುರುಡೆಗಳನ್ನು ಮೂಲೆಗೆ ಎಸೆಯುತ್ತಾರೆ, ಸೀಳಿದ್ದಕ್ಕೆ ನಾದ ಹುಟ್ಟುವುದಿಲ್ಲವಂತೆ. ಇವನು ಅವನ್ನು ಆರಿಸಿ ತರುತ್ತಾನೆ. ಎಲ್ಲಿ ಸೀಳಿದೆಯೋ ಅಲ್ಲಿಗೇ ಬಾಯಿ ಬರೆದು, ಮೇಲೆ ಕಣ್ಣು ಮೂಗು ಕೂರಿಸಿ, ಒಂದೊಂದನ್ನೂ ಮನುಷ್ಯನ ಮುಖ ಮಾಡುತ್ತಾನೆ. ಹೀಗಾಗಿ ನಮ್ಮ ಮೆಟ್ಟಿಲ ಮೇಲೆ ಹದಿನಾಲ್ಕು ಜನ ಏನೋ ಹೇಳಲು ಹೊರಟವರಂತೆ ಬಾಯಿ ತೆರೆದು ಕೂತಿದ್ದಾರೆ. ಹಾಲಿನವಳು ಮೊದಲ ದಿನ ಹಾಲಿನ ಕ್ಯಾನು ಬಿಟ್ಟು ಓಡಿದ್ದಳು. ಈಗ ಅವರಿಗೂ ಒಂದು ನಮಸ್ಕಾರ ಹಾಕಿ ಹೋಗುತ್ತಾಳೆ.

ವಯಸ್ಸು ನಲವತ್ತೇಳು. ಮದುವೆಯಿಲ್ಲ. ಯಾಕಿಲ್ಲ ಎಂಬುದನ್ನು ಅವನು ಎಂದೂ ಮುಚ್ಚಿಟ್ಟವನಲ್ಲ, ಮುಚ್ಚಿಟ್ಟವರು ನಾವು. ನಮ್ಮತ್ತೆ ಇದ್ದಷ್ಟು ದಿನ ಅವನು ವ್ರತ ಹಿಡಿದಿದ್ದಾನೆ ಎನ್ನುತ್ತಿದ್ದರು. ಯಾವ ವ್ರತ ಎಂದು ಯಾರಾದರೂ ಕೇಳಿದರೆ ಚಹಾ ಇಡಲು ಒಳಗೆ ಹೋಗಿಬಿಡುತ್ತಿದ್ದರು.

ಒಮ್ಮೆ ಅತ್ತೆಯ ತಂಗಿ, ಸಲಗರೆಯ ಮಾವಶಿ, ಹೆಣ್ಣಿನ ಫೋಟೋ ಹಿಡಿದು ಬಂದರು. ಇವನು ಫೋಟೋವನ್ನು ಬೆಳಕಿಗೆ ಹಿಡಿದು ಹತ್ತು ನಿಮಿಷ ನೋಡಿದ. ಮಾವಶಿಗೆ ಆಸೆ ಚಿಗುರಿತು. ಹುಡುಗಿಯ ಸೀರೆಯ ಸೆರಗು ಚೆನ್ನಾಗಿದೆ, ಆದರೆ ಹಿಂದಿನ ಪರದೆಗೆ ಬಣ್ಣ ಆರಿಸಿದವನಿಗೆ ಬುದ್ಧಿಯಿಲ್ಲ ಎಂದು ತೀರ್ಪು ಕೊಟ್ಟ. ಆಮೇಲೆ ಮೆತ್ತಗೆ ಹೇಳಿದ: "ಮಾವಶಿ, ನನ್ನ ಮನಸ್ಸು ಗಂಡಸರ ಮ್ಯಾಲ ಐತ್ರಿ. ಹೆಣ್ಣಮಕ್ಕಳ ಬಾಳೇ ಯಾಕ ಹಾಳ ಮಾಡೂದು?"

ಮಾವಶಿ ಚಹಾದ ಬಸಿ ಕೆಳಗಿಡಲೂ ಇಲ್ಲ. "ಅದಕ್ಕೇನಾತೋ? ಮದಿವ್ಯಾದ ಮ್ಯಾಲ ನಿಮ್ಮ ಕಾಕಾನೂ ಹಗಲಿಡೀ ಗೆಳ್ಯಾರ ಜೋಡೀನ ಇದ್ದಾರ. ನಾ ಏನರೆ ಅಂದೇನೇನು?"

ಜೂನ್ ಬಂತೆಂದರೆ ಪ್ರೈಡ್ ತಿಂಗಳು. ಅವನಂಥವರು ಜಗತ್ತಿನ ತುಂಬ ಮೆರವಣಿಗೆ ಹೊರಡುವ, ಚಿತ್ರ ತೂಗುಹಾಕುವ, ಹಾಡಿ ಕುಣಿಯುವ ಕಾಲ. ನಮ್ಮೂರಿನಲ್ಲಿ ಅದು ಕೊಡೆ ರಿಪೇರಿಯ ಕಾಲ. ಆದರೂ ನಮ್ಮ ಮೈದುನ ಪ್ರತಿ ಜೂನಿನಲ್ಲೂ ಪ್ರದರ್ಶನ ಮಾಡಿಯೇ ತೀರುತ್ತಾನೆ. ಫೋನಿನಲ್ಲಿ ಗಂಟುಬಿದ್ದ ಗೆಳೆಯರು ಏಶಿಯಾದ ತುಂಬ ಇದ್ದಾರೆ: ಕಠ್ಮಂಡುವಿನಲ್ಲಿ ಮರ ಕೆತ್ತುವವನೊಬ್ಬ, ಕೊಲಂಬೋದಲ್ಲಿ ಮುಖವಾಡ ಮಾಡುವವನೊಬ್ಬ, ಮನಿಲಾದಲ್ಲಿ ನಾರು ನೇಯುವ ಹೆಂಗಸು ಮತ್ತು ಅವಳ ಜೊತೆಗಾತಿ. ಎಲ್ಲರೂ ತಮ್ಮ ಕೆಲಸದ ಚಿತ್ರಗಳನ್ನು ಇವನಿಗೆ ಕಳಿಸುತ್ತಾರೆ. ನೆಟ್‌ವರ್ಕ್ ಮೆಟ್ಟಿಲ ಮೇಲೆ ಮಾತ್ರ ಸಿಗುವುದರಿಂದ ಮಾತೆಲ್ಲ ಅಲ್ಲೇ, ಬುರುಡೆಗಳ ನಡುವೆ. ನಾನು ಜೋಳದ ಭಕ್ರಿ ಬಡಿಯುವುದನ್ನು ಮನಿಲಾದವರು ನೋಡಿ ಚಪ್ಪಾಳೆ ಹೊಡೆದಿದ್ದಾರೆ. ಮೂವತ್ತು ವರ್ಷದಿಂದ ಭಕ್ರಿ ತಿಂದವರು ಒಬ್ಬರೂ ಹೊಡೆದಿಲ್ಲ.

ಮೊದಲ ವರ್ಷದ ಪ್ರದರ್ಶನ ತಂಬೂರಿ ಅಂಗಡಿಯ ಹಿತ್ತಲಲ್ಲಿ. ಬಂದವರು ಇಬ್ಬರು ಗಿರಾಕಿಗಳು, ಒಂದು ಆಡು. ಆಡು ಮಾತ್ರ ಕೊನೆಯ ತನಕ ಇತ್ತು, ಒಂದು ಚಿತ್ರ ತಿಂದಿತು ಕೂಡ. ಎರಡನೇ ವರ್ಷ ಕುಪವಾಡದಲ್ಲಿ ಗೆಳೆಯನೊಬ್ಬನ ಮುಚ್ಚಿದ ಕಾರ್ಖಾನೆಯ ಶೆಡ್ಡು. ಅಲ್ಲಿ ಜನವೋ ಜನ! ಕಾರ್ಖಾನೆ ಮತ್ತೆ ಶುರುವಾಯಿತೆಂದು ತಿಳಿದು ಆಧಾರ್ ಕಾರ್ಡು ಹಿಡಿದು ಸಾಲಾಗಿ ನಿಂತಿದ್ದರು. ಕೆಲಸವಿಲ್ಲ ಎಂದು ಹೇಳುವಾಗ ಇವನ ಮುಖ ಅವರ ಮುಖಕ್ಕಿಂತ ಸಣ್ಣದಾಗಿತ್ತು. ಎಲ್ಲರಿಗೂ ಚಹಾ ಕುಡಿಸಿ ಕಳಿಸಿದ.

ಈ ವರ್ಷ ನಮ್ಮ ಸಮಾಜದ ಸಣ್ಣ ಹಾಲ್ ಸಿಕ್ಕಿತು. ಚಿತ್ರಪ್ರದರ್ಶನ ಎಂದಾಗ ಟ್ರಸ್ಟಿಗಳು ಕಣ್ಣುಮುಚ್ಚಿ ಹೂಂ ಅಂದರು. ಉಳಿದದ್ದು ಫ್ಲೆಕ್ಸ್. ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಮನುಷ್ಯ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ. ನಾಯಿಯ ಹುಟ್ಟುಹಬ್ಬದ ಫ್ಲೆಕ್ಸನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಯಾರದೇ ಇರಲಿ, ಕೆಳಗಡೆ ಗೋಲಗೋಲದ ಚೌಕಟ್ಟಿನಲ್ಲಿ ಮುಖಗಳ ಸಾಲು ಬೇಕೇ ಬೇಕು, ಅವರು ಶುಭೇಚ್ಛುಕರು. ಆ ಸಾಲು ಇಲ್ಲದಿದ್ದರೆ ಈ ಮನುಷ್ಯನಿಗೆ ಊರಲ್ಲಿ ಯಾರೂ ಇಲ್ಲ ಎಂದರ್ಥ. ಫ್ಲೆಕ್ಸ್ ಅಂಗಡಿಯವನು ಹನ್ನೊಂದು ಮುಖ ಕೇಳಿದ್ದ.

ಬುಧವಾರ ಊಟಕ್ಕೆ ಕೂತಾಗ ಮೈದುನ ವಿಷಯ ತೆಗೆದ. ಈ ಸಲ ಪ್ರದರ್ಶನ ನಮ್ಮ ಓಣಿಯ ಹತ್ತಿರ, ಮನೆಯವರು ಯಾರೂ ಜೊತೆಗಿಲ್ಲದಿದ್ದರೆ ಬೇರೆಯವರು ಯಾಕೆ ಬರುತ್ತಾರೆ, ಹನ್ನೊಂದು ಬೇಡ, ಒಂದು ಮುಖ ಸಿಕ್ಕರೂ ಸಾಕು ಎಂದ. ಯಜಮಾನರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ಅದು ಹಿಂದಿನ ದಿನದ್ದು. ಅವನು ನನ್ನ ಕಡೆ ತಿರುಗಿದ.

"ನಂದು ಯಾವ ಫೋಟೋನೂ ಛಲೋ ಬಂದಿಲ್ರಿ ಭಾವುಜಿ" ಅಂದೆ.

"ಆತ್ರಿ ವೈನಿ" ಅಂದ. ಇನ್ನರ್ಧ ಭಕ್ರಿ ಹಾಕಿಸಿಕೊಂಡ. ಅಂಗಡಿಯವನಿಗೆ ಗೋಲಗಳನ್ನು ಖಾಲಿ ಬಿಡಲು ಹೇಳಿದ.

ಅಂಗಡಿಯವನು ಒಳ್ಳೆಯ ಮನುಷ್ಯ, ತೊಂದರೆ ಆದದ್ದೇ ಅದರಿಂದ. ಒಂದು ಮನೆತನದ ಫ್ಲೆಕ್ಸನ್ನು ಖಾಲಿ ಗೋಲಗಳೊಂದಿಗೆ ಚೌಕದಲ್ಲಿ ನಿಲ್ಲಿಸಲು ಅವನ ಕೈ ಬರಲಿಲ್ಲ. ಹೋದ ವರ್ಷ ಯಜಮಾನರ ಹುಟ್ಟುಹಬ್ಬಕ್ಕೆ ಮಾಡಿದ ಫ್ಲೆಕ್ಸ್ ಅವನ ಕಂಪ್ಯೂಟರಿನಲ್ಲಿ ಇನ್ನೂ ಇತ್ತು. ಅಲ್ಲಿಂದ ಮುಖಗಳನ್ನು ತೆಗೆದು ಇಲ್ಲಿ ಅಂಟಿಸಿಬಿಟ್ಟ. ನಿನ್ನೆ ಬೆಳಿಗ್ಗೆ ಊರು ಎದ್ದು ನೋಡುತ್ತದೆ: ಮೇಲೆ ಕಾಮನಬಿಲ್ಲಿನ ಪಟ್ಟೆ, ದೊಡ್ಡ ಅಕ್ಷರದಲ್ಲಿ ಏಶಿಯಾದ ಸಮಲಿಂಗಿ, ತೃತೀಯಲಿಂಗಿ ಕಲಾವಿದರ ಚಿತ್ರಪ್ರದರ್ಶನ, ಭಾನುವಾರ ಹತ್ತರಿಂದ ಒಂದು, ಕೆಳಗೆ ಎರಡು ಸಾಲಿನಲ್ಲಿ ಶುಭೇಚ್ಛುಕರಾಗಿ ಕಪ್ಪು ಕನ್ನಡಕದ ಯಜಮಾನರು, ಕಿವಿಗೆ ಫೋನು ಹಿಡಿದ, ಯಜಮಾನರ ಚಿಕ್ಕಪ್ಪ ಮಾಲಗಾಂವದ ಕಾಕಾ, ಸಾಂಗಲಿ ಪೇಟೆಯ ಅರಿಷಿಣದ ವ್ಯಾಪಾರಿಗಳು ಎಂಟು ಜನ, ಕೊನೆಯ ಗೋಲದಲ್ಲಿ ತಲೆ ತುಂಬ ಸೆರಗು ಹೊದ್ದ ನಾನು.

ಎಂಟೂವರೆಗೆ ಫೋನುಗಳು ಶುರುವಾದವು. ಮೊದಲನೆಯದು ಮಾಲಗಾಂವದ ಕಾಕಾರದು. ಪ್ರದರ್ಶನ ಯಾರದೆಂದು ಅವರು ಓದಿಯೇ ಇರಲಿಲ್ಲ. "ನನ್ನ ಎರಡನೇ ಸಾಲಿನ್ಯಾಗ ಹಾಕ್ಯಾರ. ನಾ ಏನ್ ಹೊರಗಿನವನೇನು?" ಎಂದು ಅರ್ಧ ಗಂಟೆ ಸಿಟ್ಟಾದರು.

ಓದಿದವರ ಫೋನುಗಳು ಆಮೇಲೆ ಬಂದವು. ಅವುಗಳಲ್ಲಿ ನಗುವುದಕ್ಕೆ ಏನೂ ಇರಲಿಲ್ಲ. ಹತ್ತಕ್ಕೆ ಟ್ರಸ್ಟಿಗಳು ಹಾಲಿಗೆ ಬೀಗ ಹಾಕಿದರು. ಹನ್ನೊಂದಕ್ಕೆ ಯಜಮಾನರು ಸ್ಕೂಟರ್ ತೆಗೆದರು. ತಮ್ಮ ಅರಿಷಿಣದ ಅಂಗಡಿಯಿಂದ ಚೀಲದ ಬಾಯಿ ಕತ್ತರಿಸುವ ಕತ್ತಿ ತಂದು, ಚೌಕದಲ್ಲಿ ಹತ್ತು ಜನ ನೋಡುತ್ತಿರುವಾಗ ಫ್ಲೆಕ್ಸಿನ ಕೆಳಗಿನ ಪಟ್ಟಿಯಷ್ಟನ್ನೇ ಕೊಯ್ದು ಸುರುಳಿ ಸುತ್ತಿ ಮನೆಗೆ ತಂದರು. ಒಳ್ಳೆಯ ಫ್ಲೆಕ್ಸನ್ನು ನಮ್ಮ ಮನೆಯಲ್ಲಿ ಬಿಸಾಡುವ ಪದ್ಧತಿಯಿಲ್ಲ. ಈಗ ಹಿತ್ತಲಲ್ಲಿ ಜೋಳದ ಚೀಲಗಳ ಮೇಲೆ ಹನ್ನೊಂದು ಜನ ನಗುತ್ತ ಮಲಗಿದ್ದೇವೆ, ಮಳೆ ತಾಗದಂತೆ.

ಮಧ್ಯಾಹ್ನ ನಾನು ಮೇಲೆ ಹೋದಾಗ ಮೈದುನ ಚಿತ್ರಗಳನ್ನು ಹುರಿಯಿಂದ ಕಟ್ಟುತ್ತಿದ್ದ. ಕೊಲ್ಲಾಪುರದಿಂದ ಬರುವವರಿದ್ದ ಬೊಂಬೆಯಾಟದ ಹೆಂಗಸರಿಗೆ ಬರಬೇಡಿ ಎಂದು ಹೇಳಿಯಾಗಿತ್ತು. ಸಾಂಗಲಿಯ ಗೆಳೆಯನೊಬ್ಬ ಹೆದರಿ ಫೋನೇ ಎತ್ತುತ್ತಿರಲಿಲ್ಲ. ಮನಿಲಾದವರಿಗೆ ಏನು ಹೇಳುವುದೆಂದು ಇವನಿಗೆ ತಿಳಿದಿರಲಿಲ್ಲ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಮುಂಜಾನೆ ಏಳಕ್ಕ ನೋಡಾಕ ಹೋಗಿದ್ನಿ ವೈನಿ" ಅಂದ, ತಲೆಯೆತ್ತದೆ. "ನಿಮ್ಮ ಮುಖ ನೋಡಿದೆ. ಅರ್ಧಾ ತಾಸು ನಾ ಖರೇ ಅಂತ ತಿಳಕೊಂಡಿದ್ದೆ. ನೀವ ಹೋಗಿ ಕೊಟ್ಟೀರಿ ಅಂತ. ಅಲ್ಲೇ ಚಾ ಕುಡದೆ. ಎರಡ ಸಲ ಅಡ್ಡಾಡಿ ಮತ್ತ ನೋಡಿದೆ."

ನಾನು ಒಗೆಯುವ ಬಟ್ಟೆ ಏನಾದರೂ ಇದೆಯೇ ಎಂದು ಕೇಳಿ ಇಳಿದು ಬಂದೆ.

ಇವತ್ತು ಬುರುಡೆಗಳನ್ನು ಒರೆಸಿದ ಮೇಲೆ, ಕೊತ್ತಂಬರಿ ತರುತ್ತೇನೆಂದು ಯಜಮಾನರಿಗೆ ಹೇಳಿ ಹೊರಟೆ. ಕೊತ್ತಂಬರಿ ಮನೆಯಲ್ಲಿತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ಹಾಲ್ ಎದುರಿನ ಚೌಕ ಮುಟ್ಟಿ ಫ್ಲೆಕ್ಸಿನ ಕೆಳಗೆ ನಿಂತೆ. ಕೊಯ್ದ ಅಂಚು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಓಣಿಯ ಹೆಂಗಸೊಬ್ಬರು ಗುಡಿಯಿಂದ ಬರುತ್ತ, ಯಾಕೆ ನಿಂತಿದ್ದೀರಿ ಎಂದು ಕೇಳಿದರು.

"ಇದು ನಮ್ಮ ಮೈದುನಂದ್ರಿ" ಅಂದೆ, ಮೇಲೆ ತೋರಿಸಿ.

ಅವರು ಮೇಲಿನಿಂದ ಕೆಳಗಿನ ತನಕ ಓದಿದರು. ಮಳೆಯಿರಲಿಲ್ಲ, ಆದರೂ ಕೊಡೆ ಬಿಚ್ಚಿ ಮುಖದ ಕಡೆ ವಾಲಿಸಿಕೊಂಡು ಹೋದರು. ಬೇರೆ ಯಾರೂ ಬರಲಿಲ್ಲ. ನನ್ನ ಹತ್ತಿರ ಬಂದು ನಿಂತವರು ರಿಕ್ಷಾದವರು ಮಾತ್ರ.

ಹನ್ನೊಂದೂವರೆಗೆ ಮೈದುನ ಬಂದ. ಪ್ರದರ್ಶನಕ್ಕೆಂದು ಯಾರಾದರೂ ಬಂದು, ಬೀಗ ನೋಡಿ ಸುಮ್ಮನೆ ಅಲೆಯಬಾರದೆಂದು ಬಂದಿದ್ದನಂತೆ. ನನ್ನನ್ನು ಕಂಡು ದೂರದಲ್ಲೇ ನಿಂತುಬಿಟ್ಟ. ಆಮೇಲೆ ಬಂದು ಪಕ್ಕದಲ್ಲಿ ನಿಂತ.

"ಯಾರೂ ಬರಾಂಗಿಲ್ರಿ ವೈನಿ. ನಡೀರಿ, ನಿಮ್ಮ ಮೊಣಕಾಲ ನೋಯ್ತಾವ."

"ಒಂದರ ತನಕಾ ಅಂತ ಬರದೈತಿ" ಅಂದೆ. "ಒಂದರ ತನಕಾ ನಿಲ್ಲೂಣು."

ಒಂದರ ತನಕ ನಿಂತೆವು.

ಮನೆಗೆ ಬಂದು ಜೋಳದ ಭಕ್ರಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು. ಎಲ್ಲಿ ಹೋಗಿದ್ದಿರಿ ಎಂದು ಯಜಮಾನರು ಕೇಳಲಿಲ್ಲ. ಕೊತ್ತಂಬರಿ ಎಲ್ಲಿ ಎಂದೂ ಕೇಳಲಿಲ್ಲ. ಮೈದುನ ಎರಡೂವರೆ ಭಕ್ರಿ ತಿಂದ, ನಾನು ಒಂದು. ಯಜಮಾನರು ಟೀವಿ ಹಚ್ಚಿದರು, ಪಡಸಾಲೆಯ ಚಾಪೆಯ ಕಡೆ ಒಮ್ಮೆ ನೋಡಿ ಸದ್ದು ಸಣ್ಣದು ಮಾಡಿದರು. ಮೈದುನನಿಗೆ ಆಗಲೇ ನಿದ್ದೆ ಹತ್ತಿತ್ತು.