ಅಕ್ಕಮ್ಮ ಬೆಳಗಿದ ತಾಮ್ರದ ಹಲಗೆ

ನೀರು ತುಂಬುವ ಹಬ್ಬದ ದಿನ, ಬೆಳಗಲು ಹಂಡೆಯಿಲ್ಲದ ಮನೆಯಲ್ಲಿ ಅತ್ತೆಯನ್ನು ಒಬ್ಬರನ್ನೇ ಬಿಡಬಾರದು. ಪರದೇಶದ ಸ್ವೋರ್ಡ್ಸ್ ಎಂಬ ಊರಿನ ಬಾಡಿಗೆ ಮನೆಯಲ್ಲಿ ಚಾಮರಾಜ ಮಹಡಿಯ ಮೇಲೆ ಆಫೀಸಿನ ಮೀಟಿಂಗಿನಲ್ಲಿದ್ದ. ಕೊರೊನಾದಿಂದ ವಿಮಾನ ನಿಂತು ಇಲ್ಲೇ ಉಳಿದುಹೋಗಿದ್ದ ಅತ್ತೆ ಅಕ್ಕಮ್ಮ, ಗೋಡೆಯ ತಾಮ್ರದ ಹಲಗೆಯನ್ನು ಇಳಿಸಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿಬಿಟ್ಟಿದ್ದರು.

ಅದು ಮನೆ ಮಾಲೀಕ, ಮುದುಕ ಬ್ರೆಂಡನ್‌ನ ಪ್ರಾಣ. ಮುನ್ನೂರು ವರ್ಷದ ಹಿಂದೆ ಅವನ ವಂಶದವನೊಬ್ಬ ಸೂಜಿಮೊನೆಯ ಉಳಿಯಿಂದ ಕೊರೆದದ್ದು. ಮೋಡದ ಮೇಲೊಬ್ಬ ಸಂತ, ಗಾಳಿಗೆ ಹಾರುವ ನಿಲುವಂಗಿ, ಸುತ್ತ ಉಂಡುಂಡು ಕೊಬ್ಬಿದ ರೆಕ್ಕೆಯ ಮಕ್ಕಳು. ಬಣ್ಣದ ಚಿತ್ರ ಕೊಳ್ಳಲಾರದ ಬಡವರು ಇಂಥ ಹಲಗೆಯಿಂದ ಅಚ್ಚೊತ್ತಿದ ಕಾಗದವನ್ನೇ ಗೋಡೆಗೆ ಅಂಟಿಸಿ ಕೈಮುಗಿಯುತ್ತಿದ್ದರಂತೆ. ಕಪ್ಪಗೆ ಕೂತಿದ್ದ ಸಂತ ಈಗ ಎಣ್ಣೆನೀರು ಮುಗಿಸಿ ಬಂದ ಹೊಸ ಅಳಿಯನಂತೆ ಹೊಳೆಯುತ್ತಿದ್ದ. ಮೀಟಿಂಗ್ ಮುಗಿಸಿ ಕೆಳಗಿಳಿದು ಬಂದ ನಿಜವಾದ ಅಳಿಯನ ಮುಖ ಮಾತ್ರ ಕಪ್ಪಿಟ್ಟಿತು.

ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. ಮುಂದುವರಿಸುವ ಮಾತಾಡಲು ಬ್ರೆಂಡನ್ ಅಂದೇ ಮಧ್ಯಾಹ್ನ ಬರುವವನಿದ್ದ. ಒಂದು ಮನೆ ಖಾಲಿಯಾದರೆ ಬೀದಿಯುದ್ದ ಜನ ಕ್ಯೂ ನಿಲ್ಲುವ ಊರು ಅದು. ಹೊರಗೆ ಬಿದ್ದರೆ ಕೊರೊನಾಕ್ಕಿಂತ ಮೊದಲು ಚಳಿಯೇ ಕೊಲ್ಲುತ್ತದೆ.

"ಏನತ್ತೆ ಇದು?"

"ಕಿಲುಬು ಹಿಡ್ದು ಪಾಪ, ಆ ಸ್ವಾಮೀರು ಉಸಿರಾಡಕ್ಕಾಗ್ದೆ ಒದ್ದಾಡ್ತಿದ್ರು, ಅಳಿಯಂದ್ರೆ."

ಹಲಗೆ ಹಿಡಿದು ಹಿತ್ತಲಿಗೋಡಿದ ಚಾಮರಾಜನಿಗೆ ಗೋಡೆಯಾಚೆಯಿಂದ ಪಕ್ಕದ ಮನೆಯ ರಾಮಲಿಂಗಪ್ಪ ಮಾಸ್ಕನ್ನು ಗಲ್ಲಕ್ಕಿಳಿಸಿ ಸಲಹೆ ಕೊಟ್ಟರು. ಮತ್ತೆ ಹಳೆಯದರಂತೆ ಕಪ್ಪಗಾಗಲೆಂದು ಮೊದಲು ಟೀ ಡಿಕಾಕ್ಷನ್ ಬಳಿಸಿದರು. ಅದು ಹರಿದಿಳಿದು ಸಂತನಿಗೆ ಭೇದಿಯಾದಂತೆ ಕಂಡಿತು.

"ಹಂಗಾದ್ರೆ ಹರಳೆಣ್ಣೇಲಿ ಕಾಡಿಗೆ ಕಲಸಿ ಹಚ್ರಿ. ಅವರಪ್ಪನಾಣೆಗೂ ಗೊತ್ತಾಗಲ್ಲ."

ಹಚ್ಚಿದರೆ ಸಂತ ಇದ್ದಿಲು ಮಾರುವವನಾದ. ಗಾಬರಿಯಲ್ಲಿ ಚಾಮರಾಜ ಅಂಗೈಯಿಂದ ಒರೆಸಿದ. ಮೇಲೆಲ್ಲ ಮತ್ತೆ ಫಳಫಳ ಹೊಳೆದು, ಕಾಡಿಗೆಯೆಲ್ಲ ಗೆರೆಗಳೊಳಗೆ ಇಳಿದು ಕೂತಿತು. ಅಷ್ಟರಲ್ಲಿ ಬೆಲ್ ಆಯಿತು.

ಬ್ರೆಂಡನ್ ಬಾಗಿಲಾಚೆ ದೂರದಲ್ಲೇ ನಿಂತು ಚಾಮರಾಜನ ಕಂಕುಳಲ್ಲಿದ್ದ ಹಲಗೆ ನೋಡಿದ, ಅವನ ಕಪ್ಪು ಕೈ ನೋಡಿದ. ಚಾಮರಾಜ ಮನಸ್ಸಿನಲ್ಲೇ ಪಾತ್ರೆ ಪಗಡ ಗಂಟು ಕಟ್ಟತೊಡಗಿದ.

ಮಾಸ್ಕಿನ ಮೇಲೆ ಬ್ರೆಂಡನ್‌ನ ಕಣ್ಣು ಒದ್ದೆಯಾಗಿತ್ತು. ಗೆರೆಗಳಲ್ಲಿ ಕಿಲುಬು ತುಂಬಿ ಅಚ್ಚೊತ್ತುವುದೇ ನಿಂತುಹೋಗಿತ್ತಂತೆ. ತೆಗೆಯಲು ಅವನಿಗೆ ಧೈರ್ಯವಿರಲಿಲ್ಲವಂತೆ. ಅಚ್ಚೊತ್ತುವ ಮೊದಲು ಹೀಗೆ ಮಸಿ ತುಂಬಿ ಅಂಗೈಯಲ್ಲಿ ಒರೆಸುವುದನ್ನು ತಾತನ ಕಾಲಕ್ಕೇ ಕೊನೆಯದಾಗಿ ಕಂಡದ್ದಂತೆ.

ಹೋದ ಜೀವ ಬಂದಂತಾಗಿ ಚಾಮರಾಜ ಮೆಲ್ಲಗೆ ಮನೆಯ ಮಾತೆತ್ತಿದ.

"ಗ್ರ್ಯಾಂಡ್," ಅಂದ ಬ್ರೆಂಡನ್, ಆ ಊರಿನವರು ಸರಿ ಅನ್ನುವ ಹಾಗೆ. "ತಾತನ ಪ್ರೆಸ್ಸು ಗ್ಯಾರೇಜಲ್ಲಿ ಸುಮ್ನೆ ಬಿದ್ದಿದೆ. ಅದನ್ನ ಈ ಮುಂದಿನ ಕೋಣೇಲೇ ಹೂಡ್ತೀನಿ, ಬೆಳಕು ಚೆನ್ನಾಗಿದೆ. ನೀವು ನಿಧಾನವಾಗಿ ಬೇರೆ ಮನೆ ನೋಡ್ಕೊಳ್ಳಿ."

ಅಡುಗೆಮನೆಯಿಂದ ಅಕ್ಕಮ್ಮ, ಏನಂತೆ ಅಂತ ಕೇಳಿದರು.

"ಚೆನ್ನಾಗಿ ಬೆಳಗಿದ್ದೀರಂತೆ, ಅತ್ತೆ," ಅಂದ ಚಾಮರಾಜ, ಕಾಡಿಗೆ ಕೈಯಿಂದಲೇ ಹಣೆ ಒರೆಸಿಕೊಳ್ಳುತ್ತ.