ಓಬಯ್ಯನಿಗೆ ನಾನು ಪದಕ ಕೊಡಿಸಿದ್ದು

ಸರ್ಕಾರದ ದಾಖಲೆಯಲ್ಲಿ ತಪ್ಪಿದ್ದರೆ ಅದನ್ನು ತಿದ್ದಿಸುವುದು ಬಹಳ ಸುಲಭದ ಕೆಲಸವೆಂದು ನಾನು ನಂಬಿದ್ದೆ. ತಪ್ಪಿದೆ ಎಂದು ನಾವು ಹೇಳಬೇಕು. ಹೌದಲ್ಲ ಎಂದು ಅವರು ತಿದ್ದಬೇಕು. ಸಂಜೆಗೆ ಮನೆಗೆ ಬಂದು ಮುದ್ದೆ ಉಣ್ಣಬೇಕು. ಸಮುದ್ರ ದಾಟಿ, ಮರಳುಗಾಡಿನಲ್ಲಿ ತುರ್ಕರ ಗುಂಡಿಗೆ ಎದೆಯೊಡ್ಡಿ ಬಂದವನಿಗೆ ಚಳ್ಳಕೆರೆಯ ಕಚೇರಿ ಯಾವ ಲೆಕ್ಕ! ಎದೆಯೊಡ್ಡಿ ಎಂದದ್ದು ಮಾತಿಗೆ. ಗುಂಡು ಬರುವಾಗ ನಾನು ಸಾಮಾನ್ಯವಾಗಿ ಕುದುರೆಯ ಹಿಂದೆ ಇರುತ್ತಿದ್ದೆ.

ನಮ್ಮೂರು ನನ್ನಿವಾಳ. ದೊಡ್ಡ ಯುದ್ಧದ ಕಾಲದಲ್ಲಿ ನಮ್ಮೂರಿನಿಂದ ಮಹಾರಾಜರ ಕುದುರೆ ಪಡೆಗೆ ಸೇರಿದವರು ಇಬ್ಬರು. ಒಬ್ಬ ಬೋರಯ್ಯನೆಂಬ ನಾನು, ಇನ್ನೊಬ್ಬ ನನ್ನ ಬಾಲ್ಯದ ಗೆಳೆಯ ಓಬಯ್ಯ. ಇಬ್ಬರೂ ಹೋದೆವು, ಇಬ್ಬರೂ ಬಂದೆವು. ಆದರೆ ನಾನು ಬಂದದ್ದು ಓಬಯ್ಯನಿಂದ. ಮರಳುಗಾಡಿನಲ್ಲಿ ಒಂದು ದಿನ ನನ್ನ ಕುದುರೆ ಉರುಳಿಬಿತ್ತು. ನನಗೆ ಏಳಲಾಗಲಿಲ್ಲ. ಪಡೆ ಮುಂದೆ ಹೋಗಿಬಿಟ್ಟಿತ್ತು. ಓಬಯ್ಯ ಒಬ್ಬನೇ ಹಿಂದಿರುಗಿ ಬಂದ. ತನ್ನ ಪಾಲಿನ ನೀರನ್ನೆಲ್ಲ ನನಗೆ ಕುಡಿಸಿದ. ತನ್ನ ಕುದುರೆಯ ಮೇಲೆ ನನ್ನನ್ನು ಹಾಕಿ, ತಾನು ಪಕ್ಕದಲ್ಲಿ ನಡೆದುಕೊಂಡೇ ಬಂದ. ಇವತ್ತಿಗೂ ಚೊಂಬು ಎತ್ತಿ ನೀರು ಕುಡಿಯುವಾಗ ನನಗೆ ಅವನ ನೆನಪಾಗುತ್ತದೆ. ಇದೊಂದು ವಿಷಯದಲ್ಲಿ ನಾನು ತಮಾಷೆ ಮಾಡುವುದಿಲ್ಲ.

ಯುದ್ಧ ಮುಗಿದು ಊರಿಗೆ ಬಂದ ಮೇಲೆ ಪದಕಗಳು ಚಳ್ಳಕೆರೆಗೆ ಬಂದಿವೆಯೆಂದು ತಿಳಿಯಿತು. ಓಬಯ್ಯ ದನ ಹೊಡೆದುಕೊಂಡು ಉಳ್ಳಾರ್ತಿ ಕಾವಲಿನ ಕಡೆಗೆ ಹೋಗಿದ್ದರಿಂದ ನಾನೊಬ್ಬನೇ ಹೋದೆ. ಗುಮಾಸ್ತರು ಪೆಟ್ಟಿಗೆ ತೆರೆದು, "ನನ್ನಿವಾಳದ ಸವಾರರು ನೀವೇ ತಾನೆ?" ಎಂದರು. ಹೌದೆಂದೆ. ಬೆಳ್ಳಿಯದೊಂದು, ಕಂಚಿನದೊಂದು ಪದಕ ನನ್ನ ಕೈಗಿಟ್ಟು, ನನ್ನ ಸೇವಾ ದಾಖಲೆಯಲ್ಲಿ ಬರೆದುಕೊಂಡರು. ಓಬಯ್ಯನಿಗೆ ಬೇರೆ ಏನೂ ಬಂದಿರಲಿಲ್ಲ. ಅವನ ದಾಖಲೆಯಲ್ಲಿ ಪದಕದ ಜಾಗ ಬೋಳಾಗಿತ್ತು.

ಓಬಯ್ಯ ತಲೆ ಕೆಡಿಸಿಕೊಳ್ಳಲಿಲ್ಲ. "ಹೋಗ್ಲಿ ಬಿಡ್ಲೇ, ಅದೇನು ಹೊಲ ಉಳ್ತದಾ?" ಎಂದುಬಿಟ್ಟ. ಊರು ಮಾತ್ರ ಬಿಡಲಿಲ್ಲ. ಓಬಯ್ಯ ಬೊಂಬಾಯಿ ದಾಟಲೇ ಇಲ್ಲವಂತೆ, ಅಲ್ಲೇ ಲಾಯದಲ್ಲಿ ಲದ್ದಿ ಎತ್ತಿಕೊಂಡು ಇದ್ದನಂತೆ ಎಂದು ಕಟ್ಟೆಯ ಮೇಲೆ ಮಾತು ಹುಟ್ಟಿತು. ಅವನ ತಾಯಿ ತಿಪ್ಪಮ್ಮ ಬಾವಿಗೆ ನಾಲ್ಕು ಜನ ಬರುವ ಹೊತ್ತಿಗೆ ಹೋಗುವುದನ್ನೇ ಬಿಟ್ಟಳು. ಒಂದು ದಿನ ನನ್ನನ್ನು ತಡೆದು ನಿಲ್ಲಿಸಿದಳು.

"ನನ್ನ ಮಗ ನಿನ್ನ ಜೊತೆಗೇ ಇದ್ದ ಅಲ್ವೇನಪ್ಪಾ?"

"ಇದ್ದ ಕಣವ್ವಾ. ಅವನು ಇಲ್ಲದಿದ್ರೆ ನಾನಿಲ್ಲಿ ನಿಂತಿರ್ತಿರಲಿಲ್ಲ. ಊರಿಗೆಲ್ಲ ಹೇಳ್ತೀನಿ ಬಾ."

"ನೀನು ಹೇಳಿದ್ರೆ ಗೆಳೆಯ, ಅದಕ್ಕೇ ಹೇಳ್ತಾನೆ ಅಂತಾರೆ. ಸರ್ಕಾರ ಹೇಳ್ಬೇಕು."

ಆ ಕ್ಷಣವೇ ನಾನು ಶಪಥ ಮಾಡಿದೆ. ಓಬಯ್ಯನ ದಾಖಲೆ ತಿದ್ದಿಸಿ, ಪದಕದ ವಿಷಯ ಅದರಲ್ಲಿ ಬರೆಸಿಯೇ ತೀರುವೆನೆಂದೆ! ಮನೆಗೆ ಬಂದು ಹೆಂಡತಿ ಮಾರಕ್ಕನಿಗೆ ತಿಳಿಸಿದೆ. ಅವಳು ಒಲೆಯ ಮುಂದಿನಿಂದ ತಿರುಗಿಯೂ ನೋಡಲಿಲ್ಲ.

"ಬಾಗಿಲು ಚಿಲಕ ಸರಿ ಮಾಡು ಅಂದು ಎಷ್ಟು ದಿನ ಆಯ್ತು? ಈಗ ಮಹಾರಾಜರ ದಫ್ತರ ಸರಿ ಮಾಡಾಕೆ ಹೊಂಟ್ಯಾ?"

ಚಿಲಕಕ್ಕೂ ರಾಜಕಾರ್ಯಕ್ಕೂ ಇರುವ ಅಂತರವನ್ನು ಹೆಂಗಸರಿಗೆ ಹೇಗೆ ತಿಳಿಸುವುದು? ನಾನು ಕಾಗದ, ಮಸಿ ಹುಡುಕಿದೆ.

ಅರ್ಜಿಯನ್ನು ನಾನೇ ಬರೆದೆ. ನನಗೆ ಕನ್ನಡ ಚೆನ್ನಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಕವಾಯತಿನ ಕೂಗು ಮಾತ್ರ ಬರುತ್ತದೆ, ಅಕ್ಷರ ಬಾರದು. ಉಪಕಾರ ಮಾಡಿದ ಗೆಳೆಯನ ವಿಷಯ, ಕೈ ಬಿಗಿ ಹಿಡಿಯುವುದು ಹೇಗೆ? ಮೊದಲು ಅವನು ನನ್ನ ಪ್ರಾಣ ಉಳಿಸಿದ್ದನ್ನು ಬರೆದೆ. ಸಪ್ಪೆಯೆನಿಸಿತು. ಶತ್ರುಗಳ ಒಂದು ಠಾಣ್ಯ ಸೇರಿಸಿದೆ. ಆಮೇಲೆ ಅದನ್ನು ಕೋಟೆ ಮಾಡಿದೆ. ಕೋಟೆಯೊಳಗೆ ತುರ್ಕರ ದಂಡನಾಯಕನಾದ ಒಬ್ಬ ಪಾಷಾನನ್ನು ಕೂರಿಸಿ, ಓಬಯ್ಯನ ಕೈಯಲ್ಲಿ ಸೆರೆ ಹಿಡಿಸಿದೆ. ಓದಿ ನೋಡಿದರೆ ನನಗೇ ಮೈ ಜುಮ್ಮೆಂದಿತು!

ಪಡೆಯ ಕಚೇರಿಯಿಂದ ಒಬ್ಬ ಸಾಹೇಬರು ದಾಖಲೆಗಳನ್ನು ಹೊತ್ತುಕೊಂಡು ಚಳ್ಳಕೆರೆಗೆ ಬಂದಿದ್ದರು. ಸಣ್ಣ ಆಳು, ದುಂಡು ಕನ್ನಡಕ, ಬಹಳ ಶುದ್ಧವಾದ ಮಾತು. ಓಬಯ್ಯನನ್ನು ಬಲವಂತದಿಂದ ಎಳೆದುಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿದೆ. ಸಾಹೇಬರು ಅರ್ಜಿ ಓದಿದರು. ಇನ್ನೊಮ್ಮೆ ಓದಿದರು.

"ಈ ಅರ್ಜಿಯ ಪ್ರಕಾರ ಕೋಟೆಯನ್ನು ಓಬಯ್ಯನೊಬ್ಬನೇ ಹಿಡಿದಿದ್ದಾನೆ. ಆಗ ಉಳಿದ ಪಡೆ ಏನು ಮಾಡುತ್ತಿತ್ತು?"

"ನೋಡ್ತಾ ಇತ್ತು ಸ್ವಾಮಿ."

"ನೀವು?"

"ನಾನೂ ನೋಡ್ತಾ ಇದ್ದೆ. ಕುದುರೆ ಹಿಂದಿನಿಂದ."

ಸಾಹೇಬರು ಓಬಯ್ಯನ ಕಡೆ ತಿರುಗಿದರು. "ಏನಪ್ಪಾ, ನೀನು ಪಾಷಾನನ್ನು ಸೆರೆ ಹಿಡಿದದ್ದು ನಿಜವೇ?"

"ಯಾವ ಪಾಷಾ ಸ್ವಾಮಿ?" ಎಂದ ಓಬಯ್ಯ.

ಇಂಥ ಗೆಳೆಯನನ್ನು ಉದ್ಧಾರ ಮಾಡುವುದು ಎಷ್ಟು ಕಷ್ಟ ನೋಡಿ! ಸಾಹೇಬರಿಗೆ ಅನುಮಾನ ಬಂದುಬಿಟ್ಟಿತು. ಅನುಮಾನ ಬಂದದ್ದು ಓಬಯ್ಯನ ಮೇಲಲ್ಲ, ನನ್ನ ಮೇಲೆ. ಸಾಕ್ಷಿ ಹೇಳುವ ನಾನಾದರೂ ಯುದ್ಧಕ್ಕೆ ಹೋಗಿದ್ದೆನೆಂಬುದಕ್ಕೆ ಏನು ಗುರುತು ಎಂದು ಕೇಳಿದರು.

"ನಂಗೆ ಎರಡು ಪದಕ ಐತೆ ಸ್ವಾಮಿ!" ಎಂದೆ ಎದೆ ಸೆಟೆಸಿ.

"ತೋರಿಸಿ."

"ಎತ್ತಿನ ಕೊರಳಲ್ಲಿ ಐತೆ ಸ್ವಾಮಿ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ವಿವರಿಸಿದೆ. ಮರಳಲ್ಲಿ ಬಿದ್ದಿದ್ದಾಗ ಮನೆದೇವರಿಗೆ ಹರಕೆ ಹೊತ್ತಿದ್ದೆ. ಜೀವಸಹಿತ ಊರು ಮುಟ್ಟಿಸಿದರೆ ನನಗೆ ಬರುವ ಮೊದಲ ಬಹುಮಾನವನ್ನು ನಿನ್ನ ಎತ್ತಿನ ಕೊರಳಿಗೆ ಕಟ್ಟುತ್ತೇನೆ ಎಂದಿದ್ದೆ. ನಮ್ಮ ಕಡೆ ದೇವರ ಹೆಸರಿನಲ್ಲಿ ಬಿಟ್ಟ ಎತ್ತಿನ ಹಿಂಡು ಇರುತ್ತದೆ. ಅವನ್ನು ಯಾರೂ ಹೂಡುವುದಿಲ್ಲ, ಹೊಡೆಯುವುದಿಲ್ಲ, ಮಾರುವುದಿಲ್ಲ. ಹಿಂಡಿನ ಮುಂದಾಳಿಗೆ ಪಟ್ಟದ ಎತ್ತು ಎನ್ನುತ್ತೇವೆ. ಪದಕ ಬಂದ ವಾರದಲ್ಲೇ ಅದರ ಕೊರಳಿಗೆ ಕಟ್ಟಿ ಬಂದಿದ್ದೆ.

"ಮುಂದಿನ ವಾರ ಮೊಳಕಾಲ್ಮುರಿನಲ್ಲಿ ನನ್ನ ಮೊಕ್ಕಾಂ," ಎಂದರು ಸಾಹೇಬರು. "ಪದಕಗಳನ್ನು ತಂದು ಹಾಜರುಪಡಿಸಿ. ಇಲ್ಲವಾದರೆ ಅರ್ಜಿ ವಜಾ."

ಹಿಂಡು ಆಗ ಸಿದ್ದಾಪುರದ ಗುಡ್ಡಗಳ ಕಡೆ ಮೇಯುತ್ತಿತ್ತು. ಅದನ್ನು ಕಾಯುವ ಕಿಲಾರಿ ಪಾಲಯ್ಯ ಬಿಳಿ ಮೀಸೆಯ ಹಿರಿಯ. ಆಂಧ್ರದ ಗಡಿಯ ಗಾಳಿಗೆ ಅವನ ಮಾತಿನಲ್ಲಿ ಅರ್ಧ ತೆಲುಗು. ಓಬಯ್ಯನನ್ನೂ ಎಳೆದುಕೊಂಡು ಅಲ್ಲಿಗೆ ಹೋಗಿ, ಬಂದ ಕೆಲಸ ಹೇಳಿದೆ.

"ವದ್ದು ನಾಯನಾ, ಬ್ಯಾಡ! ದೇವರ ಕೊರಳಿಗೆ ಕಟ್ಟಿದ್ದನ್ನ ಬಿಚ್ಚೋದಾ?"

"ಒಂದೇ ದಿನದ ಮಟ್ಟಿಗೆ ಕಣ್ರಿ ಪಾಲಯ್ಯನೋರೆ."

"ನಿನ್ನ ಜೀವಾನ ದೇವ್ರು ಒಂದೇ ದಿನದ ಮಟ್ಟಿಗೆ ಕೊಟ್ನಾ?"

ಮಾತು ನ್ಯಾಯವಾದದ್ದೇ. ಆದರೆ ನನ್ನ ತಲೆ ಚುರುಕು. "ಹಂಗಾದ್ರೆ ಎತ್ತನ್ನೇ ಸಾಹೇಬರ ಹತ್ರ ಕರ್ಕೊಂಡು ಹೋದ್ರೆ?" ಎಂದೆ. ಪಾಲಯ್ಯ ಮೀಸೆ ನೀವಿಕೊಂಡು ಯೋಚಿಸಿದ. ಅದಕ್ಕೆ ಅಡ್ಡಿಯಿಲ್ಲವೆಂದ. ಹಗ್ಗ ಹಾಕುವಂತಿಲ್ಲ, ಕೋಲು ಎತ್ತುವಂತಿಲ್ಲ, ಗದರುವಂತಿಲ್ಲ. ಅದಕ್ಕೆ ಮನಸ್ಸು ಬಂದರೆ ಬರುತ್ತದೆ. ಓಬಯ್ಯ ನನ್ನ ತೋಳು ಜಗ್ಗಿ, "ಲೇ ಬೋರಾ, ಬ್ಯಾಡ ಕಣ್ಲೇ, ಮನೆಗೆ ಹೋಗಾಣ" ಎಂದ. ನಾನು ಕೇಳಲಿಲ್ಲ.

ಎತ್ತಿಗೆ ಮನಸ್ಸು ಬಂತು! ಪಾಲಯ್ಯ ಒಂದು ಕೂಗು ಹಾಕಿದ್ದೇ ತಡ, ಕೊರಳಲ್ಲಿ ಗಂಟೆ ಮತ್ತು ನನ್ನ ಪದಕಗಳನ್ನು ಕುಣಿಸುತ್ತ ಪಟ್ಟದ ಎತ್ತು ಮೊಳಕಾಲ್ಮುರಿನ ದಾರಿ ಹಿಡಿಯಿತು. ನಾನು ಕೇಳಲು ಮರೆತಿದ್ದ ಸಂಗತಿಯೊಂದು ಆಗ ತಿಳಿಯಿತು. ಪಟ್ಟದ ಎತ್ತು ಹೊರಟರೆ ಇಡೀ ಹಿಂಡು ಹೊರಡುತ್ತದೆ. ಗುಡ್ಡದ ಸಂದಿಗೊಂದಿಗಳಿಂದೆಲ್ಲ ಎತ್ತುಗಳು ಇಳಿದು ಬಂದವು.

ದಾರಿಯ ಹಳ್ಳಿಗಳಲ್ಲಿ ಜನ ಬಿಂದಿಗೆ ಹಿಡಿದು ಓಡಿಬಂದರು. ದೇವರ ಎತ್ತು ಊರ ಮುಂದೆ ಬಂದರೆ ಕಾಲು ತೊಳೆಯದೆ ಬಿಡುವುದುಂಟೆ? ಒಂದೊಂದು ಊರಿನಲ್ಲೂ ಪ್ರತಿ ಎತ್ತಿನ ಕಾಲಿಗೂ ನೀರು, ಕುಂಕುಮ, ಹೂವು. ಒಂದೂರಿನಲ್ಲಿ ಉರುಮೆ ಬಾರಿಸುವವರೂ ಸೇರಿಕೊಂಡರು. ಒಬ್ಬ ಮುದುಕಿ ಕೈಮುಗಿದು, "ದೇವ್ರು ಎಲ್ಲಿಗೆ ಹೊಂಟೈತಪ್ಪಾ?" ಎಂದಳು.

"ಕಚೇರಿಗೆ ಕಣಜ್ಜಿ," ಎಂದೆ.

"ಅಯ್ಯೋ ಶಿವನೇ, ದೇವ್ರಿಗೂ ತಪ್ಪಲಿಲ್ವಾ!"

ಮೊಳಕಾಲ್ಮುರಿನ ಪೇಟೆ ಮುಟ್ಟುವಾಗ ನಮ್ಮ ಹಿಂದೆ ಒಂದು ಸಣ್ಣ ಸೈನ್ಯವೇ ಇತ್ತು. ಸೀರೆ ನೇಯುವವರು ಮಗ್ಗ ಬಿಟ್ಟು ಬೀದಿಗೆ ಬಂದರು. ಬಳೆ ಸಾಬರು "ಹಟೋ, ಹಟೋ!" ಎಂದು ಕೂಗುತ್ತ ತಮ್ಮ ಬಳೆಗಳ ಮಲಾರವನ್ನು ಎತ್ತಿಕೊಂಡು ಜಗಲಿ ಹತ್ತಿದರು. ಪಟ್ಟದ ಎತ್ತು ಯಾರನ್ನೂ ಲೆಕ್ಕಿಸದೆ ನೇರವಾಗಿ ಸಾಹೇಬರು ಇಳಿದಿದ್ದ ಬಂಗಲೆಗೆ ನಡೆದು, ಮೆಟ್ಟಿಲು ಹತ್ತಿ, ಬಾಗಿಲಿಗೆ ಅಡ್ಡವಾಗಿ ಮಲಗಿಬಿಟ್ಟಿತು.

ಸಾಹೇಬರು ಒಳಗಿದ್ದರು. ಬಂಗಲೆಗೆ ಬಾಗಿಲು ಅದೊಂದೇ.

"ಇದನ್ನು ಎಬ್ಬಿಸಿ," ಎಂದರು.

"ಎಬ್ಬಿಸಂಗಿಲ್ಲ ದೊರೆ," ಎಂದ ಪಾಲಯ್ಯ.

"ಎಳೆಯಿರಿ."

"ಎಳೆಯಂಗಿಲ್ಲ ದೊರೆ."

"ಹಾಗಾದರೆ ನಾನು ಹೊರಗೆ ಬರುವುದು ಯಾವಾಗ?"

"ಅದಕ್ಕೆ ಮನಸ್ಸು ಬಂದಾಗ," ಎಂದೆ ನಾನು, ಧೈರ್ಯ ತುಂಬುವ ಧ್ವನಿಯಲ್ಲಿ. ಸಾಹೇಬರು ನನ್ನನ್ನು ನೋಡಿದ ರೀತಿಗೆ ನಾನು ಅಭ್ಯಾಸಬಲದಿಂದ ಕುದುರೆ ಹುಡುಕಿದೆ.

ಜನ ಅಂಗಳದಲ್ಲಿ ಕೂತರು. ಹಿಂಡು ಬಂಗಲೆಯ ತೋಟದಲ್ಲಿದ್ದ ಹಸಿರನ್ನೆಲ್ಲ ಶ್ರದ್ಧೆಯಿಂದ ತಿಂದು ಮುಗಿಸಿತು. ಸಾಹೇಬರ ಊಟ ಹೊರಗಿನ ಅಡುಗೆಮನೆಯಿಂದ ಕಿಟಕಿಯ ಮೂಲಕ ಒಳಗೆ ಹೋಯಿತು. ಊಟವಾದ ಮೇಲೆ ಬೇರೇನೂ ಕೆಲಸ ತೋಚದೆ ಅವರು ಹೊಸಿಲ ಮೇಲೆ ಕೂತು, ಎತ್ತಿನ ಕೊರಳಿನ ಪದಕವನ್ನು ಕೈಯಲ್ಲಿ ಹಿಡಿದು ನೋಡಿದರು. ಅಂಚನ್ನು ಉಜ್ಜಿದರು. ಕನ್ನಡಕವನ್ನು ಹಣೆಗೇರಿಸಿ ಹತ್ತಿರಕ್ಕೆ ಹಿಡಿದರು.

"ನಿಮ್ಮ ಹೆಸರು ಏನೆಂದಿರಿ?"

"ಬೋರಯ್ಯ ಸ್ವಾಮಿ."

"ಇದರ ಮೇಲೆ ಆ ಹೆಸರಿಲ್ಲ."

"ಅದು ಹೆಸರಲ್ಲ ಸ್ವಾಮಿ, ಅಂಚಿನ ಚಿತ್ತಾರ."

"ಚಿತ್ತಾರವಲ್ಲ. ಪ್ರತಿಯೊಬ್ಬನ ಪದಕದ ಅಂಚಿನಲ್ಲೂ ಅವನ ಹೆಸರನ್ನು ಇಂಗ್ಲಿಷಿನಲ್ಲಿ ಕೆತ್ತಿರುತ್ತಾರೆ. ಇದರಲ್ಲಿರುವುದು ಸವಾರ ಓಬಯ್ಯ. ಇನ್ನೊಂದರಲ್ಲೂ ಓಬಯ್ಯ."

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಎತ್ತು ಮಾತ್ರ ಮೆಲುಕು ಹಾಕುತ್ತಿತ್ತು. ಅಂದು ಗುಮಾಸ್ತರು ನನ್ನಿವಾಳದವನೆಂದು ನನ್ನ ಕೈಗಿಟ್ಟದ್ದು ಓಬಯ್ಯನ ಪದಕ! ನಾನು ಅದನ್ನು ಎದೆಗೆ ಸಿಕ್ಕಿಸಿಕೊಂಡು ಊರೆಲ್ಲ ಮೆರೆದು, ಅವನ ಮನೆಗೂ ಹೋಗಿ ಅವನ ತಾಯಿಯ ಮುಂದೆ ನಿಂತು, ಪಾಪ ನಿಮ್ಮ ಓಬಯ್ಯನಿಗೆ ಬರಲಿಲ್ಲವಲ್ಲಾ ಎಂದು ಕನಿಕರವನ್ನೂ ತೋರಿಸಿ ಬಂದಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮರದ ಕೆಳಗೆ ನಿಂತಿದ್ದ ಓಬಯ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಸಾಹೇಬರು ಕೂತಲ್ಲೇ ದಫ್ತರ ತರಿಸಿಕೊಂಡರು. ಓಬಯ್ಯನ ದಾಖಲೆಯಲ್ಲಿ ಎರಡೂ ಪದಕಗಳನ್ನು ಬರೆದು ರುಜು ಹಾಕಿದರು. ಆಮೇಲೆ ನನ್ನ ದಾಖಲೆ ತೆಗೆದು, ಕೆಂಪು ಮಸಿಯಲ್ಲಿ ಎರಡನ್ನೂ ಹೊಡೆದುಹಾಕಿದರು.

"ನಿಮ್ಮವು ಎಲ್ಲಿಯೋ ಉಳಿದಿರಬೇಕು. ಬೇಕಿದ್ದರೆ ಪ್ರತ್ಯೇಕ ಅರ್ಜಿ ಹಾಕಿ."

"ಆಗಲೂ ಎತ್ತು ತರಬೇಕಾ ಸ್ವಾಮಿ?"

"ಬೇಡ!" ಎಂದರು ಸಾಹೇಬರು. ಅಷ್ಟು ಜೋರಾಗಿ ಅವರು ಮಾತಾಡಿದ್ದು ಅದೇ ಮೊದಲು.

ಪಾಲಯ್ಯ ಅವರ ಕೈಗೆ ಒಂದು ಚೊಂಬು ಕೊಟ್ಟು, ಎತ್ತಿನ ಕಾಲಿಗೆ ನೀರು ಹಾಕಿ ಕೈಮುಗಿಯಿರಿ ಎಂದ. ಸಾಹೇಬರು ಭಕ್ತಿಯಿಂದಲೋ ಹೊರಗೆ ಬರುವ ಆಸೆಯಿಂದಲೋ ಹಾಗೆಯೇ ಮಾಡಿದರು. ಎತ್ತು ಎದ್ದು ಮೈ ಕೊಡವಿ, ಬಂದ ದಾರಿಯಲ್ಲೇ ಹೊರಟಿತು. ಆ ದಿನ ನನ್ನನ್ನು ಜೈಲಿಗೆ ಹಾಕಿಸದೆ ಬಿಟ್ಟ ಆ ಸಣ್ಣ ಸಾಹೇಬರನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ದಾರಿಯಲ್ಲಿ ಓಬಯ್ಯನ ಮುಖ ನೋಡಲು ನನಗೆ ನಾಚಿಕೆ. "ನಿನ್ನ ಪದಕ ಕಣ್ಲೇ, ನಾನು ದೇವರಿಗೆ ಕಟ್ಟಿಬಿಟ್ಟೆ. ಈಗ ಬಿಚ್ಚಂಗೂ ಇಲ್ಲ," ಎಂದೆ.

"ಇರ್ಲಿ ಬಿಡ್ಲೇ. ನೀನು ಹರಕೆ ಹೊತ್ತಿದ್ದು ಯಾವ ಜೀವಕ್ಕೆ? ನಾನು ಹೊತ್ಕೊಂಡು ಬಂದ ಜೀವಕ್ಕೆ ತಾನೆ? ಹಂಗಾದ್ರೆ ನಾನೇ ಕಟ್ಟಿದಂಗಾಯ್ತು."

ಅರ್ಜಿಯಲ್ಲಿ ಪಾಷಾ, ಕೋಟೆ ಎಲ್ಲ ಬರೆಯುವ ಬದಲು ಈ ಮನುಷ್ಯನನ್ನು ಇದ್ದ ಹಾಗೆ ಬರೆದಿದ್ದರೆ ಸಾಕಾಗಿತ್ತು. ಬರೆಯಲು ನನಗೆ ಬರಬೇಕಿತ್ತಷ್ಟೆ.

ಸುದ್ದಿ ನಮಗಿಂತ ಮುಂಚೆ ಊರು ಸೇರಿತ್ತು. ಮಾರಕ್ಕ ಬಾಗಿಲಲ್ಲೇ ನಿಂತು, "ಎರಡು ಪದಕ ತರಾಕೆ ಹೋಗಿ ಇದ್ದ ಎರಡನ್ನೂ ಕಳ್ಕೊಂಡು ಬಂದ್ಯಾ? ನೀನು ಚಿಲಕ ಮುಟ್ಟದೇ ಇದ್ದದ್ದೇ ಒಳ್ಳೇದಾಯ್ತು," ಎಂದಳು.

ಮರುದಿನ ಬೆಳಗ್ಗೆ ತಿಪ್ಪಮ್ಮ ಬಾವಿಗೆ ಎಲ್ಲರೂ ಬರುವ ಹೊತ್ತಿಗೇ ಹೋಗಿ, ಎಲ್ಲರಿಗಿಂತ ಕೊನೆಗೆ ಮನೆಗೆ ಬಂದಳಂತೆ. ಮಧ್ಯಾಹ್ನ ಒಂದು ತಪ್ಪಲೆ ತುಂಬ ಹುಗ್ಗಿ ತಂದು ನನ್ನ ಮುಂದಿಟ್ಟಳು. ನನ್ನ ತಲೆಯ ಮೇಲೆ ಕೈಯಿಟ್ಟು ನೆಟಿಗೆ ಮುರಿದಳು. ಅವಳ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ಇಷ್ಟು ದಿನದ ಒದ್ದಾಟ ಸಾರ್ಥಕವಾಯಿತು ಎಂದುಕೊಂಡೆ. ಅವಳು ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ನಿನ್ನ ಉಪಕಾರ ಮರೆಯಾಕಿಲ್ಲ ಕಣಪ್ಪಾ. ನೀನು ದಂಡಿಗೆ ಹೋಗೇ ಇರ್ಲಿಲ್ಲ ಅನ್ನೋದು ನನ್ನ ಬಾಯಿಂದ ಯಾವತ್ತೂ ಹೊರಕ್ಕೆ ಬರಾಕಿಲ್ಲ. ಹೆದರ್ಕಬ್ಯಾಡ, ಉಣ್ಣು."

ನಾನು ಉಂಡೆ.